ಮುಗಿಯಿತು ಎನ್ನುವ ಮೊದಲು

ಆರಂಭದ ಮಾತಿಗೆ ನಾವು ಕೊಡುವಷ್ಟು ಗಮನವನ್ನು ಅಂತ್ಯದ ಮಾತಿಗೆ ಕೊಡುವುದಿಲ್ಲ. ಮಗುವಿಗೆ ಹೆಸರಿಡುವಾಗ, ಗೃಹಪ್ರವೇಶದ ಕರೆಯೋಲೆ ಬರೆಯುವಾಗ ಒಂದೊಂದು ಪದವನ್ನೂ ತೂಗಿ ನೋಡುತ್ತೇವೆ. ಆದರೆ ಒಂದು ಕೆಲಸ, ಒಂದು ವ್ಯವಹಾರ, ಒಂದು ಜೀವ ಕೊನೆಗೊಂಡಾಗ ನಾಲಿಗೆಗೆ ಮೊದಲು ಬಂದ ಇಂಗ್ಲಿಷ್ ಪದವನ್ನು ಆಡಿ ಸುಮ್ಮನಾಗುತ್ತೇವೆ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ‘ಲಾಸ್ಟ್ ಬಸ್ ಹೋಯಿತು’ ಎನ್ನುತ್ತೇವೆ. ಚಿಂತಾಮಣಿಯ ಅಂಗಡಿಯಲ್ಲಿ ‘ಸ್ಟಾಕ್ ಇಲ್ಲ’ ಎಂಬ ಉತ್ತರ ಕೇಳುತ್ತೇವೆ. ಗೌರಿಬಿದನೂರಿನ ಬ್ಯಾಂಕಿನಲ್ಲಿ ‘ಅಕೌಂಟ್ ಕ್ಲೋಸ್’ ಮಾಡಿಸುತ್ತೇವೆ. ಇವುಗಳಿಂದ ಯಾರಿಗೂ ನೋವಿಲ್ಲ. ಆದರೆ ‘ನಮ್ಮ ತಾತ ಎಕ್ಸ್‌ಪೈರ್ ಆದರು’ ಎಂಬ ಮಾತು ನಮ್ಮ ಮನೆಗಳಲ್ಲಿ ಸಲೀಸಾಗಿ ಕೇಳಿಬರುತ್ತಿರುವಾಗ, ಸ್ವಲ್ಪ ನಿಂತು ಯೋಚಿಸಬೇಕಾಗಿದೆ.

ಅದೇ ಪದ ಔಷಧದ ಪಟ್ಟಿಯ ಮೇಲೂ ಅಚ್ಚಾಗಿರುತ್ತದೆ. ಅವಧಿ ಮೀರಿದ ಮಾತ್ರೆಯನ್ನು ಎಸೆಯಬೇಕೆಂದು ಮಗು ತಾಯಿಯಿಂದ ಕಲಿತಿರುತ್ತದೆ. ಮರುದಿನ ಅದೇ ಮಗುವಿನ ಕಿವಿಗೆ ತಾತನ ವಿಷಯವಾಗಿಯೂ ಅದೇ ಪದ ಬಿದ್ದರೆ, ಅದರ ಎಳೆಯ ಮನಸ್ಸು ಏನೆಂದು ಕೂಡಿಸಿಕೊಳ್ಳಬೇಕು? ಆ ಪದದ ಮೂಲ ಲ್ಯಾಟಿನ್. ‘ಉಸಿರನ್ನು ಹೊರಬಿಡು’ ಎಂಬುದು ಅದರ ಅರ್ಥ. ನಮ್ಮ ಹಿರಿಯರ ‘ಉಸಿರು ನಿಂತಿತು’ ಎಂಬ ಮಾತಿಗೆ ಅದು ದೂರದ ನಂಟೇ ಸರಿ. ಆದರೆ ಇಂದು ಇಂಗ್ಲಿಷನ್ನು ಮನೆಮಾತಾಗಿ ಉಳ್ಳವರೇ ತಮ್ಮವರು ತೀರಿಕೊಂಡಾಗ ಸಾಮಾನ್ಯವಾಗಿ ಹಾಗೆನ್ನುವುದಿಲ್ಲ. ‘ದಾಟಿ ಹೋದರು’ ಎಂಬ ಭಾವದ ‘ಪಾಸ್ಡ್ ಅವೇ’ ಎನ್ನುತ್ತಾರೆ. ಬೀಳ್ಕೊಡುವಾಗ ಅವರಾಡುವ ‘ಗುಡ್‌ಬೈ’ ಕೂಡ ‘ದೇವರು ನಿನ್ನೊಡನಿರಲಿ’ ಎಂಬ ಹಳೆಯ ಹರಕೆ ಸವೆದು ಉಳಿದ ರೂಪ. ಆದ್ದರಿಂದ ದೋಷ ಆ ಭಾಷೆಯದಲ್ಲ. ಅದರ ಹೃದಯದ ಮಾತನ್ನು ಬಿಟ್ಟು ಚೀಟಿಯ ಮೇಲಿನ ಮಾತನ್ನು ಎತ್ತಿಕೊಂಡವರು ನಾವು.

ಮದುವೆಯ ಕರೆಯೋಲೆಗಳಲ್ಲಿ ಕಾಣುವ ‘ಲೇಟ್’ ಎಂಬ ಪದವೂ ಇಂಥದೇ. ತಡವಾಗಿ ಬಂದವನಿಗೂ ತೀರಿಕೊಂಡ ತಂದೆಗೂ ಒಂದೇ ಪದ! ನಮ್ಮ ಸಮಾಜದಲ್ಲಿ ಆ ಸ್ಥಾನದಲ್ಲಿ ‘ಲಿಂ.’ ಎಂದು ಬರೆಯುವ ರೂಢಿ ಇದೆ. ಆ ಒಂದು ಅಕ್ಷರದ ಹಿಂದೆ ಒಂದು ದರ್ಶನವೇ ಇದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ಸ್ಥಲಗಳ ಅನಂತರದ ಆರನೆಯದು ಐಕ್ಯಸ್ಥಲ. ಅಂದರೆ ಶರಣರ ದೃಷ್ಟಿಯಲ್ಲಿ ಕೊನೆಯೆಂಬುದು ಅಳಿವಲ್ಲ, ಕೂಡುವಿಕೆ. 2019ರ ಜನವರಿ 21ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ನಾಡಿನ ಪತ್ರಿಕೆಗಳು ಆ ಪದವನ್ನೇ ಬಳಸಿದವು. ಬೇರೆ ಯಾವ ಪದವೂ ಅಲ್ಲಿ ಹೊಂದುತ್ತಿರಲಿಲ್ಲ.

ಮನೆಯೊಳಗಿನ ಚಿಕ್ಕಪುಟ್ಟ ಅಂತ್ಯಗಳಿಗೂ ನಮ್ಮ ತಾಯಂದಿರು ಯೋಚಿಸಿ ಪದ ಹುಡುಕಿದ್ದರು. ದೀಪ ಆರಿತು ಎನ್ನದೆ ‘ಶಾಂತವಾಯಿತು’ ಎಂದರು. ಬಳೆ ಒಡೆಯಿತು ಎನ್ನದೆ ‘ಹೆಚ್ಚಿತು’ ಎಂದರು. ಹೊಸ್ತಿಲು ದಾಟುವವರು ‘ಹೋಗುತ್ತೇನೆ’ ಎನ್ನಲಿಲ್ಲ, ‘ಹೋಗಿ ಬರುತ್ತೇನೆ’ ಎಂದರು. ಕನ್ನಡ ತೆಲುಗುಗಳೆರಡೂ ಬೆರೆತಿರುವ ನಮ್ಮ ಈ ಸೀಮೆಯಲ್ಲಿ ನೆರೆಮನೆಯವರು ಹೊರಡುವಾಗ ‘ವಸ್ತಾನು’ ಎನ್ನುತ್ತಾರೆ, ಅಂದರೆ ‘ಬರುತ್ತೇನೆ’. ಭಾಷೆ ಬೇರೆ, ಭಾವ ಒಂದೇ: ಅಗಲಿಕೆಯ ಮಾತಿನಲ್ಲಿಯೇ ಮರಳುವಿಕೆ ಅಡಗಿರಬೇಕು.

ಹೊಲ ಮನೆಗಳ ದುಡಿಮೆಯಲ್ಲಿಯೂ ಈ ವಿವೇಕ ಕಾಣುತ್ತದೆ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಹುಳು ಸಾಕುವವರ ಮಾತನ್ನು ಗಮನಿಸಿ. ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ; ಅದನ್ನು ಅವರು ‘ಜ್ವರ’ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದು, ಕೆಲವು ದಿನ ಹಗಲಿರುಳೂ ಸೊಪ್ಪು ತಿಂದ ಹುಳು ಒಂದು ದಿನ ಮೇಯುವುದನ್ನು ನಿಲ್ಲಿಸುತ್ತದೆ. ಹೊರಗಿನವರ ಕಣ್ಣಿಗೆ ಅದು ಹುಳುವಿನ ಕಥೆ ಮುಗಿದಂತೆ. ಆದರೆ ರೈತ ‘ಹುಳು ಹಣ್ಣಾಯಿತು’ ಎಂದು ಅದನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾನೆ. ನೂಲು ಹುಟ್ಟುವುದು ಆಮೇಲೆ! ತಿನ್ನುವುದು ನಿಂತಾಗ ಕೊಡುವುದು ಆರಂಭವಾಯಿತೆಂಬ ಈ ಪದದಲ್ಲಿ ನಿವೃತ್ತರಾದ ಹಿರಿಯರಿಗೂ ಒಂದು ಸಮಾಧಾನವಿದೆ. ‘ರಿಟೈರ್ ಆದರು’ ಎಂದರೆ ಹಿಂದೆ ಸರಿದರು ಎಂದಷ್ಟೇ ಅರ್ಥ. ಹಣ್ಣಾದರು ಎಂದರೆ ಬೇರೆಯೇ ಅರ್ಥ.

ಹಾಗೆಂದು ಇಂಗ್ಲಿಷ್ ಪದಗಳನ್ನು ತಿಳಿಯದೆ ಇರುವುದು ಜಾಣತನವಲ್ಲ. ಜೀವವಿಮೆಯ ಕಾಗದವನ್ನೇ ನೋಡಿ. ‘ಮೆಚ್ಯೂರಿಟಿ’ ಎಂದರೆ ಹಣ್ಣಾಗುವುದು. ಅವಧಿ ತುಂಬಿ ಹಣ ಕೈಗೆ ಬರುವುದು. ‘ಲ್ಯಾಪ್ಸ್’ ಎಂದರೆ ಕಂತು ಕಟ್ಟದೆ ನಡುವೆಯೇ ಜಾರಿಹೋಗುವುದು. ಎರಡೂ ಕೊನೆಯ ಮಾತುಗಳೇ, ಆದರೆ ಒಂದು ಫಲ, ಇನ್ನೊಂದು ನಷ್ಟ. ತಿಂಗಳ ಕಂತಿಗೆ 15 ದಿನ, ಉಳಿದ ಕಂತುಗಳಿಗೆ 30 ದಿನ ರಿಯಾಯಿತಿ ಇರುತ್ತದೆ. ಅದನ್ನು ಮೀರಿದ ಮೇಲೂ ನಿಯಮಗಳಿಗೆ ಒಳಪಟ್ಟು ಪಾಲಿಸಿಯನ್ನು ಮತ್ತೆ ಜೀವಂತಗೊಳಿಸಿಕೊಳ್ಳಲು ಅವಕಾಶವಿರುತ್ತದೆ. ಪದದ ಅರ್ಥ ತಿಳಿಯದೆ ‘ಎಲ್ಲ ಮುಗಿಯಿತು’ ಎಂದು ಕೈಚೆಲ್ಲಿದರೆ ಸಂಸಾರಕ್ಕೇ ಪೆಟ್ಟು.

ಇನ್ನೊಂದು ಎಚ್ಚರವೂ ಬೇಕು. ಮೃದುವಾದ ಮಾತು ಸತ್ಯವನ್ನು ಮರೆಮಾಚಬಾರದು. ‘ಅಜ್ಜಿ ಮಲಗಿದ್ದಾಳೆ’ ಎಂದು ಮಗುವಿಗೆ ಹೇಳಿದರೆ, ಅದು ಅಜ್ಜಿ ಏಳುವುದನ್ನು ಕಾಯುತ್ತದೆ. ಮಲಗಲು ತಾನೇ ಹೆದರಲೂಬಹುದು. ಅಜ್ಜಿ ತೀರಿಕೊಂಡಳು, ಇನ್ನು ಮರಳಿ ಬರುವುದಿಲ್ಲ, ಆದರೆ ಅವಳು ಕಲಿಸಿದ್ದು ನಮ್ಮೊಡನಿದೆ ಎಂದು ಮಡಿಲಲ್ಲಿ ಕೂರಿಸಿಕೊಂಡು ಹೇಳುವುದೇ ಲೇಸು. ಕಛೇರಿಯ ಕೆಲಸದಲ್ಲಿಯೂ ನೇರವಾದ ಪದವೇ ಬೇಕು. 1969ರ ಕಾಯಿದೆಯಂತೆ ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು; ಅಲ್ಲಿ ‘ಮರಣ’ ಎಂದೇ ಬರೆಯಬೇಕು. ಆ ಪ್ರಮಾಣಪತ್ರವಿಲ್ಲದೆ ಹಿಂದೆ ಉಳಿದವರ ಎಷ್ಟೋ ಕೆಲಸಗಳು ನಡೆಯುವುದಿಲ್ಲ.

ಮಾತ್ರೆಯ ಅವಧಿ ಮುಗಿಯಲಿ, ಖಾತೆ ಮುಚ್ಚಲಿ, ದೀಪ ಶಾಂತವಾಗಲಿ, ಹುಳು ಹಣ್ಣಾಗಲಿ, ಹಿರಿಯರು ಲಿಂಗೈಕ್ಯರಾಗಲಿ. ಒಂದೊಂದು ಕೊನೆಗೂ ಅದರದೇ ಪದವಿರುವಾಗ ಎಲ್ಲವನ್ನೂ ಒಂದೇ ಚೀಟಿಯಡಿ ತರುವುದೇಕೆ? ಮುಂದೆ ನಿಮ್ಮ ಮನೆಯ ಶುಭಕಾರ್ಯದ ಕರೆಯೋಲೆ ಅಚ್ಚಿಗೆ ಹೋಗುವಾಗ, ಅಗಲಿದ ಹಿರಿಯರ ಹೆಸರಿನ ಹಿಂದೆ ಯಾವ ಪದವಿದೆ ಎಂದು ಒಮ್ಮೆ ನೋಡಿ. ಅಲ್ಲಿ ‘ಲೇಟ್’ ಎಂದಿದ್ದರೆ ಹೊಡೆದುಹಾಕಿ ‘ಲಿಂ.’ ಎಂದು ಬರೆಯಿರಿ. ಅದರ ಅರ್ಥವೇನೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಕುಳಿತು ಹೇಳುವಷ್ಟು ಬಿಡುವು ಮಾಡಿಕೊಳ್ಳಿ.