ವಿಶ್ವಾಸವನ್ನು ಗುತ್ತಿಗೆಗೆ ಕೊಡಲಾಗದು

ಜೂನ್ ತಿಂಗಳು ಬಂದಿತೆಂದರೆ ಧರ್ಮಕೇಂದ್ರಗಳಲ್ಲಿ ಧರ್ಮೋಪದೇಶದ ತರಗತಿಗಳು ಆರಂಭವಾಗುತ್ತವೆ. ಮಕ್ಕಳ ಹೆಸರು ಬರೆಸಿ, ಪುಸ್ತಕ ಕೊಡಿಸಿದೊಡನೆ ತಮ್ಮ ಹೊಣೆ ತೀರಿತೆಂದು ನಿರಾಳರಾಗುವ ತಂದೆತಾಯಿಯರು ಅನೇಕರು. ಮಗುವಿಗೆ ಪರಲೋಕ ಮಂತ್ರ ಬಾರದೇಕೆ ಎಂದು ಕೇಳಿದರೆ, "ತರಗತಿಯಲ್ಲಿ ಕಲಿಸಲಿಲ್ಲವೇ ಫಾದರ್?" ಎಂಬ ಮರುಪ್ರಶ್ನೆ ಬರುತ್ತದೆ. ಈ ಮರುಪ್ರಶ್ನೆಯ ಹಿಂದಿರುವ ಧೋರಣೆಯನ್ನು ಧರ್ಮಸಭೆ ಎಂದೂ ಒಪ್ಪಿಲ್ಲ, ಒಪ್ಪಲೂ ಆಗದು.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಎರಡು ಕಡೆ, ಪರಮಪ್ರಸಾದವನ್ನು ಕುರಿತೂ ಕ್ರಿಸ್ತರ ಪುನರುತ್ಥಾನವನ್ನು ಕುರಿತೂ, ತಾವು ಪಡೆದುದನ್ನೇ ಅವರಿಗೆ ಒಪ್ಪಿಸಿದುದಾಗಿ ಹೇಳುತ್ತಾರೆ. ಅಷ್ಟು ದೊಡ್ಡ ಪ್ರೇಷಿತರು ಇದು ತಮ್ಮ ಸ್ವಂತ ಬೋಧನೆ ಎನ್ನಲಿಲ್ಲ. ಪಡೆದವನು ಕೊಡಲೇಬೇಕಾದ ಋಣ ಅದು. 1965ರ ನವೆಂಬರ್ 18ರಂದು ದೈವಪ್ರಕಟನೆಯನ್ನು ಕುರಿತ ಸಂವಿಧಾನವನ್ನು ಹೊರಡಿಸಿದ ದ್ವಿತೀಯ ವ್ಯಾಟಿಕನ್ ಮಹಾಸಭೆಯು, ಧರ್ಮಸಭೆ ತನ್ನ ಬೋಧನೆ, ಬದುಕು ಮತ್ತು ಆರಾಧನೆಗಳ ಮೂಲಕ ಈ ನಿಧಿಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತದೆಂದು ಕಲಿಸಿತು. ಭಾನುವಾರದ ಒಂದು ಗಂಟೆಯ ತರಗತಿ ಬೋಧನೆಯನ್ನಷ್ಟೇ ಕೊಡಬಲ್ಲದು. ಬದುಕನ್ನು ಮಗು ನೋಡುವುದು ಎಲ್ಲಿ? ಪ್ರಾರ್ಥನೆಗೆ ಮೊದಲು ಮೊಣಕಾಲೂರುವುದು ಎಲ್ಲಿ? ವಾರದ 168 ಗಂಟೆಗಳಲ್ಲಿ ಉಳಿದ 167 ಗಂಟೆಗಳು ಯಾರ ವಶದಲ್ಲಿವೆ?

ಗುರುಗಳೇ ಇಲ್ಲದೆ ವಿಶ್ವಾಸ ಉಳಿದೀತೇ ಎಂಬುದಕ್ಕೆ ಜಪಾನಿನ ಚರಿತ್ರೆ ಉತ್ತರ ಹೇಳುತ್ತದೆ. 1614ರಲ್ಲಿ ಅಲ್ಲಿ ಕ್ರೈಸ್ತ ಧರ್ಮವನ್ನು ದೇಶದಾದ್ಯಂತ ನಿಷೇಧಿಸಲಾಯಿತು. ಹದಿನೇಳನೆಯ ಶತಮಾನದ ನಡುಭಾಗಕ್ಕೆ ಗುರುಗಳು ಇಲ್ಲವಾದರು. ಮುಂದೆ ಇನ್ನೂರು ವರ್ಷ ಬಲಿಪೂಜೆಯಿಲ್ಲ, ಪರಮಪ್ರಸಾದವಿಲ್ಲ, ಪಾಪನಿವೇದನೆಯಿಲ್ಲ. ಆದರೆ ನಾಗಸಾಕಿಯ ಸುತ್ತಲಿನ ಹಳ್ಳಿಗಳಲ್ಲಿ ದೀಕ್ಷಾಸ್ನಾನ ಕೊಡಲು ಒಬ್ಬ, ಹಬ್ಬಗಳ ಪಂಚಾಂಗ ಕಾಯಲು ಒಬ್ಬ ಎಂದು ಜನರೇ ಹೊಣೆ ಹಂಚಿಕೊಂಡರು. ತಂದೆತಾಯಿಯರು ಜಪಗಳನ್ನು ಮಕ್ಕಳ ಬಾಯಿಗೆ ಗುಟ್ಟಾಗಿ ಕಲಿಸಿದರು. 1865ರ ಮಾರ್ಚ್ 17ರಂದು ಉರಕಾಮಿಯ ಕೆಲವರು ಹೊಸದಾಗಿ ಕಟ್ಟಿದ ಓಉರ ದೇವಾಲಯಕ್ಕೆ ಬಂದು, ಫ್ರೆಂಚ್ ಗುರು ಪೆತಿಜಾನರಿಗೆ ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಮೆಲ್ಲನೆ ತಿಳಿಸಿ, ಮಾತೆ ಮರಿಯಮ್ಮನವರ ಪ್ರತಿಮೆ ಎಲ್ಲಿ ಎಂದು ವಿಚಾರಿಸಿದರು. ಸಿಕ್ಕಿಬಿದ್ದರೆ ಪ್ರಾಣವೇ ಹೋಗುವ ಕಾಲದಲ್ಲಿ ಅವರ ಹಿರಿಯರಿಗೆ ಬಿಡುವು ಸಿಕ್ಕಿತು. ನಮಗೆ ಸಿಗುವುದಿಲ್ಲವಂತೆ!

"ನಾವೇನು ಓದಿದವರಲ್ಲ" ಎಂಬುದು ಕೆಲವರ ಸಬೂಬು. ಆ ಹಳ್ಳಿಗರೂ ರೈತರು, ಬೆಸ್ತರು, ದೈವಶಾಸ್ತ್ರ ಓದಿದವರಲ್ಲ. "ದೊಡ್ಡವರಾದ ಮೇಲೆ ತಾವೇ ಆರಿಸಿಕೊಳ್ಳಲಿ" ಎಂಬುದು ಓದಿದವರ ಸಬೂಬು. ಮಾತೃಭಾಷೆಯನ್ನೂ ಶಾಲೆಯನ್ನೂ ಮಗುವಿನ ಆಯ್ಕೆಗೆ ಬಿಡದವರು ದೇವರನ್ನು ಮಾತ್ರ ಬಿಡುವುದೇಕೆ? ಕೈಗೆ ಏನನ್ನೂ ಕೊಡದೆ ಆರಿಸಿಕೋ ಎನ್ನುವುದು ಸ್ವಾತಂತ್ರ್ಯವಲ್ಲ, ಬರಿಗೈಯಲ್ಲಿ ಕಳುಹಿಸುವುದು. ಕೊಟ್ಟದ್ದನ್ನು ಮುಂದೆ ಮಗು ತಿರಸ್ಕರಿಸಬಹುದು; ಆ ಸ್ವಾತಂತ್ರ್ಯವನ್ನು ದೇವರೇ ಗೌರವಿಸುತ್ತಾರೆ. ಕೊಡದಿರುವ ಹಕ್ಕು ಮಾತ್ರ ನಮಗಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ ನುಡಿಯಿಂದ, ನಡೆಯಿಂದ ಮಕ್ಕಳನ್ನು ವಿಶ್ವಾಸದಲ್ಲಿ ರೂಪಿಸುವ ಹೊಣೆಯನ್ನು ಇತರರಿಗಿಂತ ಮೊದಲು ತಂದೆತಾಯಿಯರ ಮೇಲೆ ಹೊರಿಸಿದೆ. ದೀಕ್ಷಾಸ್ನಾನದ ದಿನ ಗುರುಗಳು ಈ ಹೊಣೆ ಅರಿತಿರುವಿರಾ ಎಂದು ಕೇಳಿದಾಗ "ಅರಿತಿದ್ದೇವೆ" ಎಂದು ನುಡಿದವರು ಉಪದೇಶ ತರಗತಿಯ ಶಿಕ್ಷಕಿಯಲ್ಲ, ನೀವು.

ಸಂತ ತಿಮೊಥೇಯನ ವಿಶ್ವಾಸ ಮೊದಲು ಅವನ ಅಜ್ಜಿ ಲೋವಿಯಲ್ಲೂ ತಾಯಿ ಯೂನಿಸಳಲ್ಲೂ ಇತ್ತೆಂದು ಪೌಲರು ನೆನೆಯುತ್ತಾರೆ. ಅಂಥ ಅಜ್ಜಿ, ಅಂಥ ತಾಯಿ ಇಂದಿಗೂ ಸಾಧ್ಯ. ಈ ಸಂಜೆ ಟಿವಿ ಆರಿಸಿ, ಮೊಬೈಲುಗಳನ್ನು ಬದಿಗಿಟ್ಟು, ಮಕ್ಕಳೊಡನೆ ಒಂದು ಜಪಸರ ಹೇಳಿರಿ. ಮಲಗುವ ಮುನ್ನ ಅವರ ಹಣೆಯ ಮೇಲೆ ಶಿಲುಬೆಯ ಗುರುತು ಬರೆಯಿರಿ. ಭಾನುವಾರ ಕೇಳಿದ ಶುಭಸಂದೇಶವನ್ನು ಊಟದ ಹೊತ್ತಿಗೆ ನಿಮ್ಮ ಮಾತಿನಲ್ಲಿ ಹೇಳಿರಿ. ಆಮೇಲೆ ಬಂದು, ತರಗತಿಯಲ್ಲಿ ಏನು ಕಲಿಸಿದಿರಿ ಎಂದು ನಮ್ಮನ್ನು ಧಾರಾಳವಾಗಿ ಕೇಳಿರಿ.