ಮೇಷ್ಟ್ರ ರಜೆ ಮೇಷ್ಟ್ರಿಗೇ ಇರಲಿ



ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ. ಈ ದಿನಗಳಲ್ಲಿ ಅರಳಿಕಟ್ಟೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ ನಮಗೆ ಎದುರಾಗುವ ಮಾತು ಒಂದೇ: 'ನಿಮಗೇನ್ ಬಿಡಿ ಮೇಷ್ಟ್ರೇ, ಕೂತಲ್ಲೇ ಸಂಬಳ.' ಈ ವರ್ಷದಿಂದಾದರೂ ಆ ಮಾತನ್ನು ಬಿಟ್ಟುಬಿಡಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನಾನೂ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಆದ್ದರಿಂದ ಅರ್ಧ ಮನವಿ ಊರಿನವರಿಗೆ, ಇನ್ನರ್ಧ ನನ್ನ ಜೊತೆಯವರಿಗೆ.

ಈ ರಜೆ ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ಬೇರೆ ಇಲಾಖೆಯ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಇದ್ದರೆ, ಬೇಸಿಗೆ, ದಸರಾ ರಜೆ ಇದೆ ಎಂಬ ಕಾರಣಕ್ಕೇ ಶಿಕ್ಷಕರಿಗೆ ಸಿಗುವುದು 10. ಹಾಗೆ ಪಡೆದ ರಜೆಯಾದರೂ ನಮ್ಮ ಕೈಗೆ ಸಿಗುತ್ತಿದೆಯೇ? 2023ರ ಮೇ 10ರಂದು ವಿಧಾನಸಭಾ ಚುನಾವಣೆ. 2024ರ ಏಪ್ರಿಲ್ 26 ಮತ್ತು ಮೇ 7ರಂದು ಲೋಕಸಭಾ ಚುನಾವಣೆ. ತರಬೇತಿ, ಮತಯಂತ್ರ ಪಡೆಯುವ ಮಸ್ಟರಿಂಗ್, ಮತಗಟ್ಟೆ, ಅದನ್ನು ಮರಳಿಸುವ ನಡುರಾತ್ರಿಯ ಡಿಮಸ್ಟರಿಂಗ್ ಎಲ್ಲದರಲ್ಲೂ ಶಿಕ್ಷಕರಿದ್ದರು. 2025ರ ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಸಮೀಕ್ಷೆಗೆ ಮೊಬೈಲ್ ಹಿಡಿದು ಮನೆಮನೆ ಹತ್ತಿಳಿದವರೂ ಶಿಕ್ಷಕರೇ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದ ಮೇಲೆ ಪ್ರೌಢಶಾಲೆಯವರಿಗೆ ಮೌಲ್ಯಮಾಪನ, ವಿಶೇಷ ತರಗತಿ ರಜೆಯೊಳಗೂ ಬಂದು ಕೂತಿವೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಹಚ್ಚಬಾರದು ಎನ್ನುತ್ತದೆ. ಚುನಾವಣೆ ಕೆಲಸ ಮಾಡುವುದಿಲ್ಲ ಎಂದು ನಾವು ಯಾರೂ ಹೇಳುತ್ತಿಲ್ಲ. ಅದು ದೇಶದ ಕೆಲಸ, ಮಾಡಿದ ಹೆಮ್ಮೆ ನಮಗಿದೆ. ಅಧಿಕಾರಿಗಳಲ್ಲಿ ಕೇಳುವುದು ಇಷ್ಟೇ: ಆ ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ರಜೆಯಲ್ಲಿ ಕರೆಯಬೇಡಿ. ಕರೆಯಲೇಬೇಕಾದಾಗ ಅದಕ್ಕೆ ಬದಲಿ ಗಳಿಕೆ ರಜೆಯನ್ನು ಓಡಾಡಿಸದೆ ಸೇವಾ ಪುಸ್ತಕಕ್ಕೆ ಏರಿಸಿ. ತರಬೇತಿ ಇದ್ದರೆ ಹಿಂದಿನ ದಿನ ಸಂಜೆ ವಾಟ್ಸ್ಆಪ್‌ನಲ್ಲಿ ತಿಳಿಸುವ ಬದಲು ಮಾರ್ಚ್‌ನಲ್ಲೇ ತಿಳಿಸಿ.

ಇನ್ನು ನನ್ನ ಜೊತೆಯವರಿಗೆ.

ಮೊದಲು ದಣಿವಾರಿಸಿಕೊಳ್ಳಿ. ಚಟುವಟಿಕೆಯ ಕಾರ್ಡುಗಳಿಂದ ಕಲಿಸುವ ನಲಿಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ವರ್ಷವಿಡೀ ಕೂಗಿದ ಗಂಟಲು ನಿಮ್ಮದು. ಧ್ವನಿ ಒಡೆದಿದ್ದರೆ ಕಷಾಯ ಕುಡಿದು ಸುಮ್ಮನಾಗಬೇಡಿ, ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ. ವರ್ಷದಿಂದ ಮುಂದೂಡಿದ ಕಣ್ಣಿನ ಪರೀಕ್ಷೆ, ಬಿಪಿ, ಶುಗರ್ ಮಾಡಿಸಿ. ನಿದ್ದೆ ಮಾಡಿ. ಮೊದಲ ಎರಡು ವಾರ ಶಾಲೆಯ ಗ್ರೂಪುಗಳನ್ನು ಮ್ಯೂಟ್ ಮಾಡಿದರೆ ಯಾವ ಮಗುವಿಗೂ ನಷ್ಟವಾಗದು.

ದಣಿವು ಆರಿದ ಮೇಲೆ ಒಂದೇ ಒಂದು ಕಲಿಕೆ ಇಟ್ಟುಕೊಳ್ಳಿ. ಹತ್ತು ಬೇಡ. ಶಿಕ್ಷಕರು ವರ್ಷಕ್ಕೆ 50 ಗಂಟೆಯಾದರೂ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಆದರೆ ದೀಕ್ಷಾ ಆನ್‌ಲೈನ್ ಕೋರ್ಸಿನ ವಿಡಿಯೊ ಓಡಲು ಬಿಟ್ಟು ಕೊನೆಗೆ ಪ್ರಮಾಣಪತ್ರ ಇಳಿಸಿಕೊಂಡರೆ ಕಲಿಕೆ ಆಗುವುದಿಲ್ಲ, ಲೆಕ್ಕ ಮಾತ್ರ ಭರ್ತಿಯಾಗುತ್ತದೆ. ಕಲಿಕೆಗೆ ಬೇಕಾದದ್ದು ನಮ್ಮ ಬೀರುವಿನಲ್ಲೇ ಇದೆ: ಮಕ್ಕಳ ವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳು.

ಅಂಕ ಹಾಕುವ ಅವಸರದಲ್ಲಿ ನಾವು ಆ ತಪ್ಪುಗಳನ್ನು ಓದಿರುವುದಿಲ್ಲ. ರಜೆಯಲ್ಲಿ ಒಂದು ಬೆಳಿಗ್ಗೆ ಅವನ್ನು ಹರಡಿಕೊಂಡು ಕೂತು, ಒಂದೇ ಬಗೆಯ ತಪ್ಪುಗಳನ್ನು ಒಂದೊಂದು ಕಡೆ ಇಡುತ್ತಾ ಹೋಗಿ. ಮುನ್ನೂರೈದು ಎಂದು ಹೇಳಿ ಬರೆಸಿದರೆ ಮಗು 3005 ಎಂದು ಬರೆದಿರುತ್ತದೆ. ಕಿವಿಗೆ ಮುನ್ನೂರು ಬಿತ್ತು, 300 ಬರೆಯಿತು. ಐದು ಬಿತ್ತು, 5 ಬರೆಯಿತು. 52ರಿಂದ 37 ಕಳೆಯಲು ಹೇಳಿದರೆ 25 ಬಂದಿರುತ್ತದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ನಾವೇ ಎರಡನೇ ತರಗತಿಯಲ್ಲಿ ಹೇಳಿಕೊಟ್ಟ ಮಾತನ್ನು ಮಗು ಬಿಡಿಸ್ಥಾನದಲ್ಲೂ ಪಾಲಿಸಿದೆ: 7ರಲ್ಲಿ 2 ಹೋದರೆ 5, 5ರಲ್ಲಿ 3 ಹೋದರೆ 2. ದಶಮಾಂಶಕ್ಕೆ ಬಂದರೆ 0.5ಕ್ಕಿಂತ 0.35 ದೊಡ್ಡದು, ಏಕೆಂದರೆ 5ಕ್ಕಿಂತ 35 ದೊಡ್ಡದಲ್ಲವೇ? ಇವು ದಡ್ಡತನದ ಗುರುತುಗಳಲ್ಲ. ಪ್ರತಿ ತಪ್ಪಿನ ಹಿಂದೆಯೂ ಒಂದು ಯೋಚನೆ ಇದೆ, ಆ ಯೋಚನೆ ಎಲ್ಲಿ ದಾರಿ ತಪ್ಪಿತು ಎಂಬುದು ಉತ್ತರದಲ್ಲೇ ಕಾಣುತ್ತದೆ. ಮೂವತ್ತು ಮಕ್ಕಳ ತಪ್ಪುಗಳು ಬಹುಪಾಲು ಐದಾರು ಗುಂಪುಗಳಲ್ಲೇ ಬಂದು ನಿಲ್ಲುತ್ತವೆ. ಆ ಐದಾರನ್ನು ಹೇಗೆ ಎದುರಿಸುವುದು ಎಂದು ಯೋಚಿಸಿಟ್ಟುಕೊಂಡರೆ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ಜೂನ್ ತಿಂಗಳ ಸೇತುಬಂಧ ಬರೀ ದಾಖಲೆಯಾಗಿ ಉಳಿಯುವುದಿಲ್ಲ.

ವಿಜ್ಞಾನ, ಸಮಾಜ ಪಾಠ ಮಾಡುವವರಿಗೆ ಈ ರಜೆಯಲ್ಲೇ ಒಂದು ಅವಕಾಶವಿದೆ. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದು ಹೇಳುತ್ತಲೇ ಬಂದಿದ್ದೇವೆ. ನಮ್ಮ ಊರುಗಳಲ್ಲಿ ಅವನು ನಿಜವಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ. ಮೊದಲನೆಯದು ಚಾಮರಾಜನಗರದಲ್ಲಿ ಏಪ್ರಿಲ್ 21ರ ಸುಮಾರಿಗೆ, ಬೆಂಗಳೂರಿನಲ್ಲಿ 24-25ರ ಹೊತ್ತಿಗೆ, ಹೀಗೆ ಉತ್ತರಕ್ಕೆ ಸರಿಯುತ್ತಾ ಬೀದರಿನಲ್ಲಿ ಮೇ 11ರ ಸುಮಾರಿಗೆ. ಅಂದರೆ ಶೂನ್ಯ ನೆರಳಿನ ದಿನ ಇಡೀ ಕರ್ನಾಟಕದಲ್ಲಿ ರಜೆಯೊಳಗೇ ಬರುತ್ತದೆ. ಸಮತಟ್ಟಾದ ನೆಲದಲ್ಲಿ ಒಂದು ಮೊಳದ ಪೈಪನ್ನು ಲಂಬವಾಗಿ ನಿಲ್ಲಿಸಿ, ಹನ್ನೆರಡರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸುಣ್ಣದ ಚುಕ್ಕಿ ಇಡುತ್ತಾ ಹೋಗಿ. ಬೆಂಗಳೂರಿನಲ್ಲಾದರೆ 12 ಗಂಟೆ 17 ನಿಮಿಷದ ಹೊತ್ತಿಗೆ ನೆರಳು ಪೈಪಿನ ಬುಡಕ್ಕೆ ಸೇರಿ ಕಾಣದಾಗುತ್ತದೆ. ಸರಿಯಾಗಿ ಹನ್ನೆರಡಕ್ಕೆ ಏಕಲ್ಲ ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ. ಅಕ್ಷಾಂಶ, ರೇಖಾಂಶ, ಉತ್ತರಾಯಣ ಎಲ್ಲವೂ ಅಂಗಳದಲ್ಲೇ ಅರ್ಥವಾಗುತ್ತವೆ. ಸೂರ್ಯ ದಕ್ಷಿಣಕ್ಕೆ ಮರಳುವಾಗ ಇದೇ ಘಟನೆ ಆಗಸ್ಟ್ ತಿಂಗಳಲ್ಲಿ ಮತ್ತೆ ಬರುತ್ತದೆ, ಬೆಂಗಳೂರಿಗೆ 18ರ ಸುಮಾರಿಗೆ. ಆಗ ಶಾಲೆ ನಡೆಯುತ್ತಿರುತ್ತದೆ. ಮೋಡ ಅಡ್ಡ ಬರಬಹುದು, ಆದರೂ ಬೇಸಿಗೆಯಲ್ಲಿ ಒಮ್ಮೆ ಮಾಡಿ ನೋಡಿದ ಮೇಷ್ಟ್ರು ಮಕ್ಕಳನ್ನು ಧೈರ್ಯವಾಗಿ ಮೈದಾನಕ್ಕೆ ಕರೆದೊಯ್ಯುತ್ತಾರೆ.

ಓದುವ ಮನಸ್ಸಿದ್ದವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಹತ್ತಿರದಲ್ಲೇ ಇದೆ. ಜಪಾನಿನ ಶಾಲೆಯೊಂದರ ಕಥೆ 'ತೊತ್ತೋಚಾನ್' ಓದದವರು ಈ ರಜೆಯಲ್ಲಿ ಓದಿ. ಗುಜರಾತಿನ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'ವನ್ನು ಹುಡುಕಿ ಓದಿ. ಸಾಮಾನ್ಯ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯಲ್ಲಿ ಒಬ್ಬ ಮೇಷ್ಟ್ರು ಒಂದು ವರ್ಷ ಏನೆಲ್ಲ ಮಾಡಬಹುದು ಎಂಬುದು ಅಲ್ಲಿದೆ.

ಒಬ್ಬರೇ ಮಾಡಲು ಬೇಸರವಾದರೆ ನಾಲ್ಕು ಜನ ಸೇರಿ. ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿಕಲಿ ಹುಟ್ಟಿದ್ದು ಯಾವ ದೊಡ್ಡ ಕಚೇರಿಯಲ್ಲೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವು ಕೊಟ್ಟಿತು. ಕಾರ್ಡುಗಳನ್ನು ಬರೆದವರು, ಹಾಡು ಕಟ್ಟಿದವರು, ಕಲಿಕಾ ಏಣಿ ಜೋಡಿಸಿದವರು ನಮ್ಮಂಥ ಶಿಕ್ಷಕರೇ. ಪಕ್ಕದ ಊರಿನ ಒಳ್ಳೆಯ ಶಾಲೆಯ ಮೇಷ್ಟ್ರ ಮನೆಗೆ ಹೋಗಿ ಅರ್ಧ ದಿನ ಕೂತು ಮಾತಾಡಿದರೂ ಅಂಥ ಕೆಲಸಕ್ಕೆ ದಾರಿಯಾದೀತು.

ಇಷ್ಟು ಹೇಳುವಾಗ ಇಬ್ಬರ ವಿಷಯ ಮನಸ್ಸಿನಿಂದ ಹೋಗುವುದಿಲ್ಲ. ಒಬ್ಬರು ಅತಿಥಿ ಶಿಕ್ಷಕರು. ಬೇಸಿಗೆಯಲ್ಲಿ ಅವರಿಗೆ ಗೌರವಧನವಿಲ್ಲ, ಮುಂದಿನ ವರ್ಷ ಕೆಲಸವಿದೆಯೆಂಬ ಭರವಸೆಯೂ ಇಲ್ಲ. ಕೂಲಿಗೆ, ಟ್ಯೂಷನ್ನಿಗೆ, ಅಂಗಡಿ ಲೆಕ್ಕಕ್ಕೆ ಹೋಗುವವರಿಗೆ ಪುಸ್ತಕ ಓದಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಬೇಸಿಗೆಯ ಗೌರವಧನಕ್ಕಾಗಿ ಕಾಯಂ ಶಿಕ್ಷಕರ ಸಂಘಗಳೂ ಅವರ ಜೊತೆ ನಿಂತು ದನಿ ಎತ್ತಬೇಕು. ಇನ್ನೊಬ್ಬರು ಶಿಕ್ಷಕಿಯರು. ರಜೆ ಬಂದದ್ದೇ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಬಂದುಹೋಗುವ ನೆಂಟರು, ತವರಿನ ಮದುವೆ, ಅತ್ತೆ-ಮಾವನ ಆಸ್ಪತ್ರೆ ಎಲ್ಲವೂ 'ಹೇಗೂ ರಜೆ ಇದೆಯಲ್ಲ' ಎಂದು ಅವರ ಹೆಗಲಿಗೇ ಬೀಳುತ್ತವೆ. ಶಾಲೆ ಶುರುವಾಗುವ ಹೊತ್ತಿಗೆ ಅವರು ಏಪ್ರಿಲ್‌ಗಿಂತ ಹೆಚ್ಚು ಬಳಲಿರುತ್ತಾರೆ. ಅವರ ಮನೆಯವರಲ್ಲಿ ಕೈಮುಗಿದು ಕೇಳುತ್ತೇನೆ: ದಿನಕ್ಕೆ ಎರಡು ಗಂಟೆ ಒಲೆಯನ್ನು ನೀವು ನೋಡಿಕೊಳ್ಳಿ. ಆ ಹೊತ್ತಿನಲ್ಲಿ ಅವರನ್ನು ಯಾವುದಕ್ಕೂ ಕರೆಯಬೇಡಿ.

ಕೊನೆಯದಾಗಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ (ಸಿಆರ್‌ಪಿ) ಮಿತ್ರರಲ್ಲಿ ಒಂದು ಕೋರಿಕೆ. ಶಾಲೆ ತೆರೆದ ಮೇಲೆ ನಡೆಯುವ ಮೊದಲ ಸಭೆಯಲ್ಲಿ ದಾಖಲಾತಿ, ಸಮವಸ್ತ್ರ, ಬಿಸಿಯೂಟದ ಮಾತಿಗೆ ಮೊದಲು ಶಿಕ್ಷಕರನ್ನು ಕೇಳಿ: ಈ ರಜೆಯಲ್ಲಿ ಏನು ನೋಡಿದಿರಿ, ಏನು ಓದಿದಿರಿ, ಮಕ್ಕಳಿಗಾಗಿ ಹೊಸದೇನು ಯೋಚಿಸಿದಿರಿ? ಜೂನ್ ತಿಂಗಳ ಸಮಾಲೋಚನಾ ಸಭೆಯ ಮೊದಲ ಒಂದು ಗಂಟೆಯನ್ನು ಸುತ್ತೋಲೆ ಓದಲು ಬಳಸದೆ ಇದಕ್ಕೇ ಬಿಟ್ಟುಕೊಡಿ. ದಯವಿಟ್ಟು ಈ ವರ್ಷದಿಂದಲೇ ಶುರು ಮಾಡಿ.