ಮನೆಯ ನಾಯಿಯ ಹೊಟ್ಟೆಯ ಹುಳು

ಮೂರು ಹೊತ್ತೂ ಹಾಲನ್ನವಿಟ್ಟರೂ ಮರಿಗೆ ಮೈ ಹತ್ತುವುದಿಲ್ಲ, ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿದೆ ಎಂಬುದು ನಾಯಿ ಸಾಕಿದವರ ಸಾಮಾನ್ಯ ದೂರು. ಕಾರಣ ಬಹುಮಟ್ಟಿಗೆ ಜಂತುಹುಳು. ಹೊಸಿಲು ದಾಟದ ಮರಿಗೆ ಅದು ಬಂದುದಾದರೂ ಎಲ್ಲಿಂದ? ತಾಯಿಯಿಂದಲೇ. ಅವಳ ದೇಹದಲ್ಲಿ ಸುಪ್ತವಾಗಿದ್ದ ಮರಿಹುಳುಗಳು ಗರ್ಭದಲ್ಲಿಯೇ ಮರಿಯನ್ನು ಸೇರುತ್ತವೆ. ಹಾಲಿನ ಮೂಲಕವೂ ಬರುತ್ತವೆ. ಆದ್ದರಿಂದ ಹುಟ್ಟಿದ 2 ವಾರಕ್ಕೇ ಔಷಧಿಯನ್ನು ಆರಂಭಿಸಿ, ತಾಯಿಹಾಲು ಬಿಟ್ಟು 2 ವಾರವಾಗುವವರೆಗೂ ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಪ್ರಮಾಣವನ್ನು ಮರಿಯ ತೂಕ ನೋಡಿ ಪಶುವೈದ್ಯರೇ ಹೇಳಲಿ. ಬೆಳ್ಳುಳ್ಳಿ ಅರೆದು ತಿನ್ನಿಸುವ ಮನೆಮದ್ದಂತೂ ಬೇಡವೇ ಬೇಡ. ನಾಯಿಯ ರಕ್ತಕಣಗಳಿಗೆ ಅದು ಕೇಡು.

ಮಲದಲ್ಲಿ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಅದು ಲಾಡಿಹುಳು. ಇದನ್ನು ಸಾಮಾನ್ಯವಾಗಿ ಹೊತ್ತು ತರುವುದು ಚಿಗಟ. ಚಿಗಟವನ್ನು ಉಳಿಸಿಕೊಂಡು ಹುಳುವಿಗಷ್ಟೇ ಮದ್ದು ಕೊಟ್ಟರೆ ತಿಂಗಳೊಳಗೆ ಮತ್ತೆ ಅದೇ ಕಥೆ! ಒಸಡು ಬಿಳಿಚಿ ಮಲ ಕಪ್ಪಾದರೆ ಮಾತ್ರ ಒಂದು ದಿನವೂ ತಡೆಯಬೇಡಿ. ರಕ್ತ ಹೀರುವ ಕೊಕ್ಕೆಹುಳು ಎಳೆಯ ಮರಿಯ ಪ್ರಾಣವನ್ನೇ ತೆಗೆಯಬಲ್ಲದು.

ಔಷಧಿಯ ಮೇಲೂ ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ಅದೇ ಗುಳಿಗೆಯನ್ನು ಮತ್ತೆ ಮತ್ತೆ ನುಂಗಿಸಿ ಫಲವಿಲ್ಲ. ಬರಿಗಣ್ಣಿಗೆ ಕಾಣದ ಜಿಯಾರ್ಡಿಯ ಇರಬಹುದು. ನೀವು ಅಕ್ಕರೆಯಿಂದ ಹಾಕುವ ಹಸುವಿನ ಹಾಲೇ ಒಗ್ಗದಿರಲೂಬಹುದು. ಹೊಸ ಮಲವನ್ನು ಡಬ್ಬಿಯಲ್ಲಿ ಒಯ್ದು ಪರೀಕ್ಷೆ ಮಾಡಿಸಿ.

ಅಂಗಳದಲ್ಲಿ ಮಕ್ಕಳು ಆಡುವ ಮನೆಯಲ್ಲಿ ಇನ್ನೊಂದು ಎಚ್ಚರಿಕೆ. ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಬಲಿತು ಮಗುವಿನ ಬಾಯಿ ಸೇರಿದರೆ, ಮರಿಹುಳು ಕಣ್ಣಿನವರೆಗೂ ಹೋಗಿ ದೃಷ್ಟಿಯನ್ನು ಕೆಡಿಸಬಲ್ಲದು. ನಾಯಿಯ ಮಲವನ್ನು ದಿನದಿನವೂ ತೆಗೆದುಬಿಟ್ಟರೆ ಮೊಟ್ಟೆಗೆ ಅಲ್ಲಿ ಬಲಿಯಲು ಅವಕಾಶವೇ ಸಿಗದು.